ಎರಡು ಬೆಲ್ಲನೀರು ದೂರ

ಆ ದಿನ ಬೆಳಿಗ್ಗೆ ಒಲೆಯ ಮೇಲೆ ಕುಚ್ಚಲಕ್ಕಿ ಕುದಿಯುತ್ತಿತ್ತು. ಕ್ರಿಸ್ಮಸ್ಸಿನ ಮರುದಿನ. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು ತಿಂಡಿಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು, ಉಳಿದ ಚಕ್ಕುಲಿಗೆ, ಎಳ್ಳು ತುಂಬಿದ ನೆವ್ರಿಗಳಿಗೆ ಇರುವೆ ಹತ್ತಿದೆಯೇ ಎಂದು ನೋಡುತ್ತಿದ್ದರು. ನಮ್ಮವರು ಉಡುಪಿಯ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಎಂದಿನಂತೆ ಚಹಾದ ಲೋಟವನ್ನು ಪಾಗಾರದ ಮೇಲೆಯೇ ಇಟ್ಟು ಹೋಗಿದ್ದರು. ಅದನ್ನು ತರಲು ಅಂಗಳಕ್ಕೆ ಇಳಿದವಳು ಗಂಟೆಯ ಸದ್ದು ಕೇಳಿ, ಲೋಟವನ್ನು ಅಲ್ಲಿಯೇ ಬಿಟ್ಟು ಬೆಲ್ಲದ ಭರಣಿಗೆ ಓಡಿದೆ.

ಅದು ಸಂಜೀವ ಮಾಷ್ಟ್ರ ಗಂಟೆ. ಬೇರೆ ಸೈಕಲ್ಲುಗಳ ಗಂಟೆ ದಾರಿ ಬಿಡಿ ಎನ್ನುತ್ತದೆ. ಮಾಷ್ಟ್ರದ್ದು ಬರುತ್ತಿದ್ದೇನೆ ಎನ್ನುತ್ತಿತ್ತು. ತೆಂಗಿನ ಗೆರಟೆಯಷ್ಟು ದೊಡ್ಡ ಹಳೆಯ ಹಿತ್ತಾಳೆಯ ಗಂಟೆ. ಗೇಟು ಇನ್ನೂ ದೂರ ಇರುವಾಗಲೇ ಎರಡು ಸಲ ಹೊಡೆಯುವರು. ಅವರು ಇಳಿದು, ಸ್ಟ್ಯಾಂಡ್ ಹಾಕಿ, ಚಪ್ಪಲಿ ಕಳಚಿ ಜಗಲಿ ಹತ್ತುವಷ್ಟರಲ್ಲಿ ಮನೆಯವರ ಕೈಯಲ್ಲಿ ಬೆಲ್ಲದ ತಟ್ಟೆಯೂ ನೀರಿನ ಚೊಂಬೂ ಇರಬೇಕು. ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು, ಆಮೇಲೆ ಮಾತು. ಬಂದದ್ದು ಯಾಕೆ ಎಂದು ಅದಕ್ಕೆ ಮೊದಲು ಕೇಳಿದರೆ ಮರ್ಯಾದೆಯಲ್ಲ. ಎಲ್ಲ ಮನೆಗಳಲ್ಲಿಯೂ ಇದ್ದ ಈ ಕ್ರಮದ ಮೇಲೆ ಮಾಷ್ಟ್ರು ನಾಲ್ಕು ದಿನದ ಒಂದು ಸೈಕಲ್ ಟೂರನ್ನೇ ಕಟ್ಟಿದ್ದರು.

ಇನ್ನಂಜೆಯ ಕಡೆಯವರು. ಶಾಲೆಯಲ್ಲಿ ಡ್ರಿಲ್ ಮಾಷ್ಟ್ರಾಗಿದ್ದು ನಿವೃತ್ತರಾದವರು. ಸಪೂರ ಆಳು, ಇಸ್ತ್ರಿ ಕಾಣದ ಖಾಕಿ ಚಡ್ಡಿ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ನಟ್ಟು ಬಿಚ್ಚುವ ಸಣ್ಣದೊಂದು ಪಾನ. ಎಪ್ಪತ್ತರ ದಶಕದ ಕೊನೆಯಿಂದ ಪ್ರತಿ ವರ್ಷ ಕ್ರಿಸ್ಮಸ್ ರಜೆಯಲ್ಲಿ ಎಂಟು ಹತ್ತು ಮಂದಿಯನ್ನು ಕರೆದುಕೊಂಡು ಹೊರಡುತ್ತಿದ್ದರು. ಮಣಿಪಾಲದಲ್ಲಿ ಓದುವ ಪರವೂರಿನ ಹುಡುಗರು, ಬ್ಯಾಂಕಿನ ಗುಮಾಸ್ತರು, ಒಂದಿಬ್ಬರು ನರ್ಸುಗಳು. ಕಟಪಾಡಿಯಲ್ಲಿ ಬಸ್ಸಿಳಿದು, ಬಾಡಿಗೆ ಸೈಕಲ್ ಹಿಡಿದು, ಮೊದಲ ದಿನ ಶಿರ್ವ, ಎರಡನೆಯ ದಿನ ಬೆಳ್ಮಣ್ ದಾಟಿ ಕಾರ್ಕಳ, ಒಂದು ದಿನ ಅಲ್ಲಿಯೇ ಕೆರೆ, ಬೆಟ್ಟ ನೋಡುವುದು, ನಾಲ್ಕನೆಯ ದಿನ ಹಿರಿಯಡ್ಕದ ಮೇಲೆ ಮಣಿಪಾಲಕ್ಕೆ ವಾಪಸು. ರಾತ್ರಿ ರಜೆಯಲ್ಲಿದ್ದ ಶಾಲೆಗಳ ಬೆಂಚು ಜೋಡಿಸಿ ಮಲಗುವುದು. ಹೆಂಗಸರಿಗೆ ಹತ್ತಿರದ ಯಾವುದಾದರೂ ಮನೆಯ ಚಾವಡಿ.

ಟಾರು ರಸ್ತೆ ಅವರಿಗೆ ಆಗದು. ಜಲ್ಲಿ ಹಾಸಿ ಟಾರು ಹಾಕಲು ಮರೆತ ರಸ್ತೆಗಳು ಆಗ ನಮ್ಮಲ್ಲಿ ಬೇಕಾದಷ್ಟಿದ್ದವು. ಮಾಷ್ಟ್ರಿಗೆ ಅವುಗಳೇ ರಾಜಮಾರ್ಗ.

"ಟಾರಿನಲ್ಲಿ ಹೋದರೆ ಎಂತ ಕಾಣುತ್ತದೆ? ಬಸ್ಸಿನ ಹಿಂಭಾಗ ಕಾಣುತ್ತದೆ" ಎನ್ನುತ್ತಿದ್ದರು. "ಜಲ್ಲಿಯಲ್ಲಿ ಮೆಲ್ಲ ಹೋಗಬೇಕು. ಮೆಲ್ಲ ಹೋದರೆ ಯಾರ ಮನೆಯಲ್ಲಿ ಹಪ್ಪಳ ಒಣಗಲು ಹಾಕಿದ್ದಾರೆ ಅಂತ ಸಹ ಗೊತ್ತಾಗುತ್ತದೆ."

ಮೈಲಿ, ಕಿಲೋಮೀಟರು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಬೆವರಿಳಿಸುತ್ತಾ ಯಾರಾದರೂ "ಮಾಷ್ಟ್ರೇ, ಇನ್ನೆಷ್ಟು ದೂರ ಉಂಟು?" ಎಂದರೆ, "ಎಂತ ದೂರ ಮಾರಾಯ, ಎರಡು ಬೆಲ್ಲನೀರು" ಎನ್ನುವರು. ನಡುವೆ ನೀರು ಕುಡಿಯುವ ಎರಡು ಮನೆಗಳಿವೆ ಎಂದರ್ಥ.

ಕಟಪಾಡಿಯಿಂದ ಒಳದಾರಿಗೆ ತಿರುಗಿದರೆ ಮೊದಲ ಮನೆ ನಮ್ಮದು. ಐದು ವರ್ಷ ನಾನು ಆ ಟೂರಿನವರಿಗೆ ಬೆಲ್ಲನೀರು ಕೊಟ್ಟು, ಅವರು ತಿರುವಿನಲ್ಲಿ ಮರೆಯಾಗುವವರೆಗೆ ಗೇಟಿನಲ್ಲಿ ನಿಂತು ನೋಡಿದವಳು. ಕಾನ್ವೆಂಟಿನಲ್ಲಿ ಓದುವಾಗ ನಾನೂ ಸೈಕಲ್ ಕಲಿತಿದ್ದೆ. ಸಿಸ್ಟರ್ ಒಬ್ಬರು ಆಟದ ಬಯಲಿನಲ್ಲಿ ಹಿಂದಿನಿಂದ ಓಡಿ ಬರುತ್ತಾ, "ಬೆನ್ನು ನೇರ, ಪೂಜೆಗೆ ಕುಳಿತ ಹಾಗೆ" ಎನ್ನುತ್ತಿದ್ದರು. ಮದುವೆಯಾದ ಮೇಲೆ ಬೆನ್ನು ನೇರ ಉಳಿಯಿತು, ಸೈಕಲ್ ಹೋಯಿತು.

ನಮ್ಮ ಕ್ರಿಸ್ತಿಯನ್ ಮನೆಗಳ ಹೆಂಗಸರನ್ನು ಊರಿನವರು ಬಾಯಮ್ಮ ಎನ್ನುವುದು. ಐದನೆಯ ವರ್ಷ ಮಾಷ್ಟ್ರು ಚೊಂಬು ಕೆಳಗಿಟ್ಟು, ನನಗಲ್ಲ, ಅತ್ತೆಗೆ ಹೇಳಿದರು: "ದೊಡ್ಡ ಬಾಯಮ್ಮ, ಐದು ವರ್ಷ ನೀರು ಕೊಟ್ಟವರು ಒಮ್ಮೆ ನೀರು ಕುಡಿಯಲಿಕ್ಕೂ ಬರಬೇಕಲ್ವಾ? ಮುಂದಿನ ವರ್ಷ ನಿಮ್ಮ ಸೊಸೆಯನ್ನು ಕಳಿಸಿ. ನರ್ಸಮ್ಮನವರು ಜೊತೆಗಿರುತ್ತಾರೆ."

ಅತ್ತೆ ಅಕ್ಕಿಯಿಂದ ಕಲ್ಲು ಹೆಕ್ಕುತ್ತಿದ್ದರು. ತಲೆ ಎತ್ತಲಿಲ್ಲ. "ಹೋಗಲಿ. ನಾಲ್ಕು ದಿನ ನನಗೂ ಮೀನಿಗೆ ನನ್ನ ಮನಸ್ಸಿನಷ್ಟು ಮೆಣಸು ಹಾಕಲಿಕ್ಕೆ ಸಿಗುತ್ತದೆ."

ಹಾಗೆ ಮರುವರ್ಷ ನಾನು ಹೊರಟೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಗೆ ಎರಡು ಸೇಫ್ಟಿ ಪಿನ್ನು. ಜಲ್ಲಿ ಸಿಕ್ಕಿದ ಕೂಡಲೇ ಹ್ಯಾಂಡಲ್ ಹಾವಿನ ಹಾಗೆ ಹೊರಳತೊಡಗಿತು. ನಾನು ಹಲ್ಲು ಕಚ್ಚಿ ಹಿಡಿದಷ್ಟೂ ಅದು ಹೊರಳುತ್ತಿತ್ತು. ಮಾಷ್ಟ್ರು ಪಕ್ಕಕ್ಕೆ ಬಂದು, "ಬಾಯಮ್ಮ, ತುಂಬಿದ ಹಾಲಿನ ಪಾತ್ರೆ ಒಲೆಯಿಂದ ಇಳಿಸುವುದು ಹೇಗೆ? ಗಟ್ಟಿ ಹಿಡಿದರೆ ಚೆಲ್ಲುತ್ತದೆ, ಬಿಟ್ಟರೆ ಬೀಳುತ್ತದೆ. ಹಾಗೆ ಹಿಡಿಯಿರಿ, ಸಾಕು" ಎಂದರು. ಇನ್ಯಾರೂ ನನಗೆ ಹಾಗೆ ಹೇಳಿಕೊಡುತ್ತಿರಲಿಲ್ಲ. ಹುಡುಗರಿಗೆ ಬೇರೆಯೇ ಹೋಲಿಕೆ ಹೇಳುತ್ತಿದ್ದರು. ಏನೆಂದು ನಾನು ಕೇಳಲಿಲ್ಲ.

ಇನ್ನೊಂದು ವಿಷಯ ನಾನು ಗಮನಿಸಿದ್ದು ಮೂರನೆಯ ದಿನ. ಏರು ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ಮಾಷ್ಟ್ರೇ ಇಳಿದು ಸೈಕಲ್ ತಳ್ಳುತ್ತಿದ್ದರು. "ಅದು ನಮ್ಮನ್ನು ಇಷ್ಟು ದೂರ ಹೊತ್ತಿತಲ್ಲ, ಸ್ವಲ್ಪ ನಾವೂ ನಡೆಯುವ" ಎನ್ನುವರು. ಅವರಿಗೆ ವಯಸ್ಸಾಯಿತು ಎಂದುಕೊಂಡು ನಾವೂ ಇಳಿಯುತ್ತಿದ್ದೆವು. ಕಾರ್ಕಳದಲ್ಲಿ ನರ್ಸಮ್ಮ ಕನ್ನಡಕವನ್ನು ಹಿಂದಿನ ಮನೆಯಲ್ಲಿ ಮರೆತು ಬಂದದ್ದು ಗೊತ್ತಾದಾಗ ಮಾಷ್ಟ್ರು ತರಲು ಹೋದರು. ಅವರು ಹಿಂದಿರುಗುವಾಗ ನಾನು ಶಾಲೆಯ ಮೆಟ್ಟಿಲಲ್ಲಿ ಕುಳಿತಿದ್ದೆ. ನಾವೆಲ್ಲ ತಳ್ಳಿಕೊಂಡು ಹತ್ತಿದ ಅದೇ ಏರನ್ನು ಆ ಸಪೂರ ಕಾಲಿನ ಮನುಷ್ಯ ಸೀಟಿನಿಂದ ಏಳದೆ, ತುಟಿಯಲ್ಲಿ ಸಿಳ್ಳು ಹಾಕುತ್ತಾ ಹತ್ತಿ ಬಂದರು. ನನ್ನನ್ನು ಕಂಡ ಕೂಡಲೇ ಸಿಳ್ಳು ನಿಲ್ಲಿಸಿ ಇಳಿದರು.

"ಯಾರಿಗೂ ಹೇಳಬೇಡಿ ಬಾಯಮ್ಮ" ಎಂದರು. "ಮುಂದೆ ಹೋಗುವವನು ಇಳಿಯದಿದ್ದರೆ ಹಿಂದಿನವರಿಗೆ ಇಳಿಯಲು ನಾಚಿಕೆ."

ಆದರೆ ಆ ಟೂರಿನಲ್ಲಿ ಮರೆಯಲಾಗದ್ದು ಬೆಳ್ಮಣ್ಣಿನ ಆಚೆಯ ಊಟ. ಅಲ್ಲಿ ಮಾಷ್ಟ್ರ ಹಳೆಯ ಶಿಷ್ಯನ ಮನೆಯಲ್ಲಿ ಮಧ್ಯಾಹ್ನದ ಗಂಜಿ ಎಂದು ನಿಶ್ಚಯವಾಗಿತ್ತು. ಒಂದು ಕವಲಿನಲ್ಲಿ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ಹೋದೆವು. ಅಲ್ಲಿಯೂ ಅಂಥದ್ದೇ ಕೆಂಪು ಕಲ್ಲಿನ ಗೇಟು. ಗಂಟೆ ಎರಡು ಸಲ ಹೊಡೆಯಿತು. ಬಿಳಿ ಅಂಗಿ ತೊಟ್ಟ ಯಜಮಾನರೇ ಓಡಿ ಬಂದು, "ಬನ್ನಿ, ಬನ್ನಿ, ಸೈಕಲಿನಲ್ಲಿ ಬಂದಿರಾ? ಬಸ್ಸು ಸಿಗಲಿಲ್ಲವಾ?" ಎಂದರು.

"ನಮಗೆ ಸೈಕಲ್ಲೇ ಹಿತ" ಎಂದರು ಮಾಷ್ಟ್ರು. ಶಿಷ್ಯನ ಅಣ್ಣನಿರಬೇಕು ಎಂದುಕೊಂಡರಂತೆ.

ಬೆಲ್ಲನೀರು ಬಂತು. ಯಾಕೆ ಬಂದಿರಿ ಎಂದು ಅವರು ಕೇಳಲಿಲ್ಲ, ಕೇಳುವುದು ಕ್ರಮವಲ್ಲ. ಯಾರು ಎಂದು ನಾವು ಹೇಳಲಿಲ್ಲ, ಗೊತ್ತಿದೆ ಎಂದುಕೊಂಡಿದ್ದೆವು. ಗಂಜಿಯ ಬದಲು ಬಾಳೆಲೆ ಹಾಸಿದರು. ಎರಡು ಪಲ್ಯ, ಕೊದ್ದೆಲು, ಕಡಲೆಬೇಳೆ ಪಾಯಸ. "ಶಿಷ್ಯ ಅಂದರೆ ಹೀಗಿರಬೇಕು" ಎಂದು ಮಾಷ್ಟ್ರು ನನ್ನ ಕಡೆ ನೋಡಿ ಮೆಲ್ಲಗೆ ಹೇಳಿ ಪಾಯಸ ಎರಡನೆಯ ಸಲ ಹಾಕಿಸಿಕೊಂಡರು. ಊಟ ಮುಗಿಯುವಾಗ ಮಲ್ಲಿಗೆ ಮುಡಿದ ಹುಡುಗಿಯೊಬ್ಬಳು ತಲೆ ತಗ್ಗಿಸಿ ಬಂದು ಬಾಗಿಲ ಬಳಿ ನಿಂತಳು. ಯಜಮಾನರು ನಮ್ಮಲ್ಲಿದ್ದ ಮದುವೆಯಾಗದ ಬ್ಯಾಂಕಿನ ಗುಮಾಸ್ತನನ್ನು ತೋರಿಸಿ, "ಹುಡುಗ ಇವರೇ ಅಲ್ವಾ?" ಎಂದು ಮಾಷ್ಟ್ರನ್ನು ಕೇಳಿದರು.

ಮಾಷ್ಟ್ರ ಕೈಯಲ್ಲಿದ್ದ ತುತ್ತು ಎಲೆಗೆ ಇಳಿಯಿತು.

ಹೆಣ್ಣು ನೋಡಲು ಬರುವವರಿಗೆ ಮಾಡಿಟ್ಟ ಊಟವನ್ನು ನಾವು ಒಂಬತ್ತು ಮಂದಿ ಉಂಡು ಮುಗಿಸಿದ್ದೆವು. ನಿಜವಾದ ಗಂಡಿನವರು ಇನ್ನೊಂದು ಗಂಟೆಯಲ್ಲಿ ಬರುವವರಿದ್ದರು. ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಮಾಷ್ಟ್ರು ಎದ್ದು ಕೈ ತೊಳೆದು, ಶಾಲೆಯ ಬಯಲಿನಲ್ಲಿ ನಿಂತ ಹಾಗೆ ನಿಂತರು. "ನೀನು ತೆಂಗಿನಕಾಯಿ ತುರಿ. ನೀನು ನೀರು ಸೇದು. ನರ್ಸಮ್ಮ, ತರಕಾರಿ. ಬಾಯಮ್ಮ, ಪಾಯಸ ನಿಮ್ಮದು. ನಾನು ಎಲೆ ಕೊಯ್ದು ತರುತ್ತೇನೆ." ಮಣಿಪಾಲದಲ್ಲಿ ಡಾಕ್ಟರಿಕೆ ಓದುತ್ತಿದ್ದ ಹುಡುಗ ತುರಿಮಣೆಯ ಮೇಲೆ ಕುಳಿತು ಬೆರಳು ಕೊಯ್ದುಕೊಂಡ, ಅವನಿಗೆ ನರ್ಸಮ್ಮ ಪಟ್ಟಿ ಕಟ್ಟಿದರು. ಗಂಡಿನವರ ಕಾರು ಗೇಟಿಗೆ ಬರುವಾಗ ಪಾಯಸಕ್ಕೆ ಏಲಕ್ಕಿ ಬೀಳುತ್ತಿತ್ತು. ನಾವು ಹಿತ್ತಲ ಬೇಲಿಯ ತಡಮೆ ದಾಟಿ, ಸೈಕಲ್ ಎತ್ತಿಕೊಂಡು, ಗದ್ದೆಯ ಬದುವಿನ ಮೇಲೆ ಕಳ್ಳರ ಹಾಗೆ ಹೊರಟೆವು.

ಆ ಸಂಬಂಧ ಕೂಡಿಬಂತು. ಏಪ್ರಿಲಿನಲ್ಲಿ ಮಾಷ್ಟ್ರಿಗೆ ಮದುವೆಯ ಕಾಗದ ಬಂತು. ಹೆಸರು ಗೊತ್ತಿಲ್ಲದ ಕಾರಣ ಮೇಲೆ 'ಸೈಕಲ್ ಮಾಷ್ಟ್ರು, ಇನ್ನಂಜೆ' ಎಂದು ಬರೆದಿದ್ದರು. ಅಂಚೆಯವನು ಸರಿಯಾಗಿಯೇ ತಂದುಕೊಟ್ಟ. ಅಲ್ಲಿಂದ ಮೇಲೆ ಆ ಮನೆ ಟೂರಿನ ಕಾಯಂ ಮನೆಯಾಯಿತು.

ಹೀಗೆ ನಾನು ಮೂರು ವರ್ಷ ಹೋದೆ. ನಾಲ್ಕನೆಯ ವರ್ಷದ್ದೇ, ಕ್ರಿಸ್ಮಸ್ಸಿನ ಮರುದಿನದ ಆ ಬೆಳಿಗ್ಗೆ.

ಬೆಲ್ಲದ ತಟ್ಟೆಯೊಂದಿಗೆ ಹೊರಗೆ ಬಂದಾಗ ಮಾಷ್ಟ್ರು ಜಗಲಿಯಲ್ಲಿ ಕುಳಿತಿದ್ದರು. ಎಡಗಾಲು ಮಡಚದೆ ಚಾಚಿದ್ದರು. ಅತ್ತೆ ಚಕ್ಕುಲಿ, ನೆವ್ರಿಯ ಡಬ್ಬಿಯನ್ನು ಅವರತ್ತ ದೂಡಿದರು. ಹಬ್ಬದ ತಿಂಡಿಗೆಂದೇ ಟೂರಿಗೆ ಎರಡು ದಿನ ಮೊದಲು ಬರುವ ಮನುಷ್ಯ, "ಅದು ಮಕ್ಕಳಿಗೆ ಕಟ್ಟಿಕೊಡಿ ದೊಡ್ಡ ಬಾಯಮ್ಮ, ನನಗೆ ಬೇಡ" ಎಂದರು. ಮತ್ತೆ ನನ್ನತ್ತ ತಿರುಗಿ, "ನಾಡಿದ್ದು ಟೂರು. ಎಂಟು ಮಂದಿ ಬರುವವರು ಉಂಟು. ಮೊಣಕಾಲು ಬೇಡ ಅನ್ನುತ್ತದೆ. ನೀವು ಕರೆದುಕೊಂಡು ಹೋಗುತ್ತೀರಾ, ಇಲ್ಲ ಎಲ್ಲರಿಗೂ ಕಾಗದ ಹಾಕಿ ನಿಲ್ಲಿಸುವುದಾ?" ಎಂದರು.

ನನ್ನ ಕೈಯಲ್ಲಿ ತಟ್ಟೆ ಹಾಗೆಯೇ ಇತ್ತು. "ದಾರಿ ಗೊತ್ತುಂಟು ಮಾಷ್ಟ್ರೇ. ಆದರೆ ಆ ಮನೆಗಳೆಲ್ಲ ನಿಮ್ಮದು. ನಾನು ಹೋಗಿ ನಿಂತರೆ ಯಾರು ಅಂತ ಕೇಳುತ್ತಾರೆ."

"ಕೇಳುವುದಿಲ್ಲ" ಎಂದರು. ಚೀಲದಿಂದ ಒಂದು ಹಳೆಯ ನೋಟುಬುಕ್ಕು ತೆಗೆದರು. ಅದರಲ್ಲಿ ರಸ್ತೆಯ ಹೆಸರಿರಲಿಲ್ಲ, ಬರೀ ಮನೆಗಳು. 'ಅಜ್ಜಿಗೆ ಕಿವಿ ಕೇಳುವುದಿಲ್ಲ, ಗಂಟೆ ನಾಲ್ಕು ಸಲ.' 'ನಾಯಿ ಕಪ್ಪು, ಬಾಲ ನೋಡಿ ಮುಂದೆ ಹೋಗುವುದು.' 'ಇಲ್ಲಿ ಪಾಯಸದ ಸುದ್ದಿ ಎತ್ತಬಾರದು.' ಮೊದಲ ಪುಟದಲ್ಲಿ ನಮ್ಮ ಮನೆ: 'ಲಿಲ್ಲಿ ಬಾಯಮ್ಮ. ನೀರು ತಂಪು. ಬೆಲ್ಲದ ತುಂಡು ಸಣ್ಣದು.'

ನಾನು ಓದುತ್ತಿರುವಾಗ ಅವರು ಜೇಬಿನ ಪಾನ ತೆಗೆದು, ಅಂಗಳಕ್ಕಿಳಿದು, ತಮ್ಮ ಸೈಕಲ್ಲಿನ ಗಂಟೆಯನ್ನು ಬಿಚ್ಚತೊಡಗಿದರು. "ಅವರಿಗೆ ಗುರುತು ಇರುವುದು ನನ್ನ ಮುಖ ಅಲ್ಲ ಬಾಯಮ್ಮ, ಇದು" ಎಂದು ಅದನ್ನು ನನ್ನ ಕೈಗೆ ಕೊಟ್ಟರು. ತೂಕದ ಗಂಟೆ. ಅಂಚಿನಲ್ಲಿ ಅವರ ಹೆಬ್ಬೆರಳಿನ ಜಾಗ ನುಣ್ಣಗೆ ಸವೆದಿತ್ತು.

ಅತ್ತೆ ಡಬ್ಬಿಯ ಮುಚ್ಚಳ ಹಾಕುತ್ತಾ, "ಮೀನಿಗೆ ಮೆಣಸು ತಂದಿಟ್ಟು ಹೋಗು" ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರೆ ಅಷ್ಟೇ.

"ಆಗಲಿ ಮಾಷ್ಟ್ರೇ" ಎಂದೆ.

ಮಾಷ್ಟ್ರು ಮತ್ತೆ ಜಗಲಿಗೆ ಬಂದು ಕುಳಿತು ತಟ್ಟೆಯನ್ನು ನೋಡಿದರು. "ಇದೆಂತ ಇದು, ನೋಟುಬುಕ್ಕಿನಲ್ಲಿ ಬರೆದ ಮೇಲೆಯೂ ಇಷ್ಟೇ ತುಂಡಾ? ಟೂರಿಗೆ ಮುಂದಾಳು ಆದವರು ಹೀಗೆ ಮಾಡಿದರೆ ಹೇಗೆ? ದೊಡ್ಡದು ತನ್ನಿ." ನಾನು ನಾಚಿ ಅಚ್ಚಿನಿಂದ ಹೊಸ ತುಂಡು ಒಡೆದು ತಂದೆ. ಅವರು ಕಣ್ಣು ಮುಚ್ಚಿ, ಅವಸರವಿಲ್ಲದೆ, ಪೂರ್ತಿ ತಿಂದರು. ಮತ್ತೆ ಇಡೀ ಚೊಂಬು ನೀರು. "ಸರಿ, ಟೂರು ಹೊರಟಿತು" ಎಂದು ಎದ್ದರು. ಗಂಟೆಯಿಲ್ಲದ ಸೈಕಲ್ಲನ್ನು ತಳ್ಳುತ್ತಾ ಹೋದರು. ಮುಂದೆ ಏರು ಇರಲಿಲ್ಲ, ಆದರೂ ಹತ್ತಲಿಲ್ಲ.

ಆ ವರ್ಷ ಗಂಟೆ ಕೇಳಿದ ಎಲ್ಲ ಮನೆಗಳೂ ಬೆಲ್ಲ ಹಿಡಿದುಕೊಂಡೇ ಹೊರಗೆ ಬಂದವು. ನನ್ನನ್ನು ಕಂಡು, ನೀರು ಕುಡಿಯುವವರೆಗೆ ತಾಳಿ, ಮತ್ತೆ "ಮಾಷ್ಟ್ರೆಲ್ಲಿ?" ಎಂದರು. ಏರಿನಲ್ಲಿ ಎಲ್ಲರಿಗಿಂತ ಮೊದಲು ನಾನು ಇಳಿದೆ. ನನ್ನದು ನಟನೆಯಲ್ಲ, ನಿಜವಾಗಿಯೂ ಸಾಕಾಗಿತ್ತು. ಮಾಷ್ಟ್ರು ಮತ್ತೆ ಎರಡು ಮಳೆಗಾಲ ಇದ್ದರು, ಆದರೆ ನಮ್ಮ ಜಗಲಿಗೆ ಬಂದದ್ದು ಅದೇ ಕೊನೆ. ಟೂರು ಹೊರಡುವ ದಿನ ಇನ್ನಂಜೆಯಲ್ಲಿ ತಮ್ಮ ಮನೆಯ ಮುಂದೆ ಕುರ್ಚಿ ಹಾಕಿ ಕುಳಿತು, ಒಬ್ಬೊಬ್ಬರ ಟಯರನ್ನೂ ಒತ್ತಿ ನೋಡಿ ಬಿಡುತ್ತಿದ್ದರು. ಈಗ ಆ ದಾರಿಗಳಿಗೆಲ್ಲ ಟಾರು ಬಂದಿದೆ. ಗಂಟೆ ನನ್ನಲ್ಲಿ ಉಂಟು.

ಆದರೆ ನನಗೆ ಮೊದಲು ನೆನಪಾಗುವುದು ಅವರು ಗಂಟೆ ಕೊಟ್ಟ ಆ ದಿನದ ಸಂಜೆಯೇ. ನಾನು ಅಂಗಳದಲ್ಲಿ ಕುಳಿತು ಗಂಟೆಯನ್ನು ಟೂರಿಗೆಂದು ಬಾಡಿಗೆಗೆ ತಂದ ಸೈಕಲ್ಲಿಗೆ ಕೂರಿಸುತ್ತಿದ್ದೆ. ಪಕ್ಕದ ಮನೆಯ ಕಮಲಕ್ಕ ಪಾಗಾರದ ಆಚೆಯಿಂದ ಕರಿಬೇವು ಕೇಳಿದರು. ಕಿತ್ತು ಕೊಟ್ಟೆ. ಅವರು ಎಸಳಿನಿಂದ ಹಣ್ಣಾದ ಎಲೆಗಳನ್ನು ಬಿಡಿಸುತ್ತಾ ಹೇಳಿದರು:

"ಬೆಳಿಗ್ಗೆ ನಿಮ್ಮಲ್ಲಿಂದ ಹೋಗುವಾಗ ಮಾಷ್ಟ್ರು ನಮ್ಮ ಜಗಲಿಯಲ್ಲಿಯೂ ಸ್ವಲ್ಪ ಕೂತಿದ್ದರು ಲಿಲ್ಲಿ ಬಾಯಿ. ಗಂಟೆಯೇ ಹೊಡೆಯಲಿಲ್ಲ, ನಾಯಿ ಬೊಗಳಿದ ಮೇಲೆ ನನಗೆ ಗೊತ್ತಾದದ್ದು. ಬೆಲ್ಲ ಇಟ್ಟರೆ ತಟ್ಟೆ ಹಿಂದೆ ದೂಡಿದರು. ಸಕ್ಕರೆ ಕಾಯಿಲೆಯಂತೆ, ಡಾಕ್ಟ್ರು ಹೇಳಿದ ಮೇಲೆ ದೀಪಾವಳಿಯಿಂದ ಸಿಹಿ ಬಾಯಿಗೇ ಹಾಕುವುದಿಲ್ಲವಂತೆ. ನಿಮ್ಮಲ್ಲಿಯೂ ಬರೀ ನೀರೇ ಅಲ್ವಾ?"