ಒಪ್ಪತ್ತಿನ ಟೀಚರಮ್ಮ

ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತೀರ್ಥ ತೆಗೆದುಕೊಂಡ ಮೇಲೆ ಸರ್ವಮಂಗಳಮ್ಮ ಒಂದು ಕೆಲಸವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಎರಡು ಜೋಳದ ರೊಟ್ಟಿಗೆ ಬೆಣ್ಣೆ ಸವರಿ, ಶೇಂಗಾ ಚಟ್ನಿಪುಡಿ ಉದುರಿಸಿ, ಮಡಿಸಿ ಬಿಳಿ ಬಟ್ಟೆಯಲ್ಲಿ ಕಟ್ಟಿ ಕೈಚೀಲದ ತಳಕ್ಕೆ ಇಡುವರು. ಅದರ ಮೇಲೆ ಹಾಜರಿ ಪುಸ್ತಕ, ಸೀಮೆಸುಣ್ಣದ ಡಬ್ಬಿ, ಮಕ್ಕಳ ತಲೆ ಬಾಚುವ ಹಣಿಗೆ. ಚೀಲದ ಬಾಯಿ ತೆರೆದು ನೋಡಿದರೂ ಒಳಗೆ ಬುತ್ತಿ ಇದೆಯೆಂದು ಯಾರಿಗೂ ಗೊತ್ತಾಗಬಾರದು. ಇನ್ನೊಂದು ಕೈಯಲ್ಲಿ ಮನೆಯ ನೀರು ತುಂಬಿದ, ಮುಚ್ಚಳವಿರುವ ಹಿತ್ತಾಳೆ ಚೊಂಬು. ಇಷ್ಟು ಹಿಡಿದು ಹಿರಿಯೂರಿನ ಪೇಟೆ ದಾಟಿ, ಕಾಲುವೆ ಏರಿ ಹಿಡಿದು, ಮುಕ್ಕಾಲು ಗಂಟೆ ನಡೆದು ಹೋಗುವರು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆದರೂ ಆ ಬುತ್ತಿಯ ಸಂಗತಿ ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಅವರೇ ಹೇಳಿದಾಗ. ಒಂದು ಸೋಮವಾರ ಗುಡಿಯ ಕಟ್ಟೆಯ ಮೇಲೆ ಕೂತು ಶುರು ಮಾಡಿದವರು, ಮಾರನೆಯ ಸೋಮವಾರವೂ ಹೇಳಿದರು. ನಾನು ನಡುವೆ ಬಾಯಿ ಹಾಕಲಿಲ್ಲ. ಬರೆದರೆ ಬರಿ, ಹೆಸರು ಮರೆಸಬೇಡ ಎಂದವರೂ ಅವರೇ.

ಅವರು ಶ್ರೀರಾಂಪುರದ ಕಡೆಯ ಹೆಣ್ಣು, ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು. ಗಂಡ ಗಂಗಾಧರಪ್ಪನವರಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಎಪ್ಪತ್ತಮೂರರಲ್ಲಿ ಆಂಧ್ರದ ಕಡೆಯಿಂದ, ರಾಯದುರ್ಗ, ಕಲ್ಯಾಣದುರ್ಗದ ಸೀಮೆಯಿಂದ ಕೆಲಸ ಹುಡುಕಿಕೊಂಡು ಕೆಲವು ಸಂಸಾರಗಳು ಬಂದು ಕಾಲುವೆಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದವು. ಭತ್ತದ ನಾಟಿ, ಕಬ್ಬು ಕಡಿಯುವುದು, ಹೀಗೆ ಅವರ ಬದುಕು. ದೊಡ್ಡವರು ಗದ್ದೆಗೆ ಹೋದರೆ ಮಕ್ಕಳು ಏರಿಯ ಮೇಲೆ, ನೀರಿನ ಪಕ್ಕದಲ್ಲೇ ಆಡುತ್ತಿದ್ದವು. ಒಂದು ಮಗು ಕಾಲುವೆಗೆ ಬಿದ್ದು ಹೋದ ಮೇಲೆ ನಮ್ಮೂರಿನ ಮಹಿಳಾ ಸಮಾಜದವರು ಅಲ್ಲೊಂದು ತಗಡಿನ ಶೆಡ್ಡು ಹಾಕಿಸಿದರು. ಬೆಳಿಗ್ಗೆ ಮಕ್ಕಳಿಗೆ ಆಟ ಪಾಠ, ಮಧ್ಯಾಹ್ನ ಗೋಧಿ ರವೆಯ ಉಪ್ಪಿಟ್ಟು, ಬಸುರಿ ಬಾಣಂತಿಯರಿಗೆ ಪುಡಿ ಹಾಲು, ಸಂಜೆ ದೊಡ್ಡ ಹುಡುಗಿಯರಿಗೆ ಹೊಲಿಗೆ ಮತ್ತು ಕನ್ನಡ ಅಕ್ಷರ. ದಿನಕ್ಕೆ ಮೂವತ್ತು ಮಕ್ಕಳು ಬಂದರೆ ಮಾತ್ರ ಸರ್ಕಾರದ ಹಾಲು ಮತ್ತು ರವೆ. ಕಡಿಮೆಯಾದರೆ ಶೆಡ್ಡು ಮುಚ್ಚಬೇಕು. ಸಮಾಜದ ಅಧ್ಯಕ್ಷೆ ಅನ್ನಪೂರ್ಣಮ್ಮನವರು ಈ ಕೆಲಸಕ್ಕೆ ಆರಿಸಿದ್ದು ಸರ್ವಮಂಗಳಮ್ಮನವರನ್ನು. ಅಲ್ಲಿ ಅವರು ನಾಲ್ಕು ವರ್ಷ ದುಡಿದರು. ನಾನು ಹೇಳುತ್ತಿರುವುದು ಮೊದಲನೇ ವರ್ಷದ ಮಾತು.

ಮೊದಲ ದಿನ ಮಕ್ಕಳನ್ನು ಕರೆಯಲು ಗುಡಿಸಲು ಗುಡಿಸಲಿಗೂ ಹೋದರು. ಎಲ್ಲರಿಗೂ ಹಿರಿಯನಾದ ಜಂಬಣ್ಣ ಕಂಬಳಿ ಹಾಸಿ ಕೂರಿಸಿದ. ಅವನ ಸೊಸೆ ಓಬುಳಮ್ಮ, ಇಪ್ಪತ್ತು ವರ್ಷದ ಹೆಣ್ಣು, ತೊಳೆದ ಲೋಟದಲ್ಲಿ ಮಜ್ಜಿಗೆ ತಂದು ಎರಡು ಕೈಯಲ್ಲಿ ಹಿಡಿದು ನಿಂತಳು. ಅವರ ಜಾತಿ ಯಾವುದೆಂದು ಸರ್ವಮಂಗಳಮ್ಮ ಕೇಳಿರಲಿಲ್ಲ. ತಮ್ಮದಲ್ಲ ಎಂದು ಗೊತ್ತಿದ್ದರೆ ಸಾಕಾಗಿತ್ತು. ತಮ್ಮವರಲ್ಲದ ಮನೆಯಲ್ಲಿ ಅವರು ಹುಟ್ಟಿದಾಗಿನಿಂದ ಒಂದು ಹನಿ ನೀರು ಮುಟ್ಟಿದವರಲ್ಲ. ಹಾಗೆಂದು ಎದುರಿಗೆ ಹೇಳುವಷ್ಟು ಒರಟೂ ಅಲ್ಲ.

"ಇವತ್ತು ನಂದು ಒಪ್ಪತ್ತು ಕಣವ್ವ, ದೀಪ ಹಚ್ಚೋತನಕ ಬಾಯಿಗೆ ಏನೂ ಹಾಕಂಗಿಲ್ಲ" ಎಂದರು.

ಈ ಸುಳ್ಳನ್ನು ನಮ್ಮ ಕಡೆ ಯಾರೂ ಸುಳ್ಳೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ತಾಯಂದಿರು ಹೆಣ್ಣುಮಕ್ಕಳಿಗೆ ಹೇಳಿಕೊಟ್ಟೇ ಕಳಿಸುತ್ತಾರೆ. ನಾನೂ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ಕೊಟ್ಟವರ ಮನಸ್ಸು ನೋಯುವುದಿಲ್ಲ, ನಮ್ಮ ಮಡಿಯೂ ಕೆಡುವುದಿಲ್ಲ ಎಂದುಕೊಳ್ಳುತ್ತೇವೆ. ಆದರೆ ವರ್ಷಕ್ಕೊಮ್ಮೆ ಹೋಗುವ ಮನೆಗೆ ಅದು ಸರಿ. ಸರ್ವಮಂಗಳಮ್ಮ ದಿನಾ ಹೋಗಬೇಕಿತ್ತು, ಆ ಜನ ದಿನಾ ಏನಾದರೂ ಕೊಡುತ್ತಿದ್ದರು. ಮಂಗಳವಾರ ಒಪ್ಪತ್ತು ಎಂದವರು ಬುಧವಾರವೂ ಅನ್ನಬೇಕಾಯಿತು. ಗುರುವಾರ ಗುರುಗಳ ವಾರ. ಶುಕ್ರವಾರ ದೇವಿಯ ವಾರ.

ಜಂಬಣ್ಣ ತಮಾಷೆಯ ಮನುಷ್ಯ. ನಮ್ಮೂರಲ್ಲಿ ಎಮ್ಮೆ ಸುದ್ದ ದಿನಕ್ಕೆರಡು ಸಲ ಮೇಯ್ತದಲ್ಲ ತಾಯಿ, ನೀವು ಯಾವ ಗಾಳಿ ಕುಡಿದು ಬದುಕಿದ್ದೀರಿ ಎಂದು ಕೇಳುತ್ತಿದ್ದ. ಹೆಂಗಸರು ನಗುತ್ತಿರಲಿಲ್ಲ. ತಿಂಗಳಾಗುವಷ್ಟರಲ್ಲಿ ಅವರಿಗೆಲ್ಲ ಖಾತ್ರಿಯಾಗಿತ್ತು, ಟೀಚರಮ್ಮ ಯಾವುದೋ ದೊಡ್ಡ ವ್ರತ ಹಿಡಿದಿದ್ದಾರೆ, ಚೊಂಬಿನಲ್ಲಿರುವುದು ಮಠದ ತೀರ್ಥ ಎಂದು. ಆ ಬೇಸಿಗೆಯಲ್ಲಿ ಮಕ್ಕಳಿಗೆ ವಾಂತಿಭೇದಿ ಕಡಿಮೆಯಾಯಿತು. ನೀರು ಕಾಯಿಸಿ ಕೊಡುತ್ತಿದ್ದುದರಿಂದ ಎಂದು ಸರ್ವಮಂಗಳಮ್ಮನಿಗೆ ಗೊತ್ತು. ಹೆಂಗಸರು ಮಾತ್ರ ನಮ್ಮ ಮಕ್ಕಳಿಗೋಸ್ಕರ ಈಯಮ್ಮ ಹೊಟ್ಟೆ ಕಟ್ಟಿದ್ದಾಳೆ ಎಂದರು. ಕೂಸುಗಳನ್ನು ತಂದು ಅವರ ಕಾಲ ಬಳಿ ಮಲಗಿಸಿದರು. ಇವರು ವಿಭೂತಿ ಹಚ್ಚಿ ಕಳಿಸಿದರು. ಮೂವತ್ತು ಮಕ್ಕಳು ನಲವತ್ತಾದವು. ಅನ್ನಪೂರ್ಣಮ್ಮನವರು ಸಭೆಯಲ್ಲಿ ಹೊಗಳಿದರು.

"ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಅಂದರೆ, ನನಗೆ ಅದು ಹಿತವಾಗಿತ್ತು" ಎಂದು ಸರ್ವಮಂಗಳಮ್ಮ ನನ್ನೆದುರು ಒಪ್ಪಿಕೊಂಡರು. ದಿನಾ ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ, ರವೆ ಮೂಟೆ ಇಡುವ ಮೂಲೆಯ ಕೋಣೆಗೆ ಹೋಗಿ, ಬಾಗಿಲು ಹಾಕಿ, ರೊಟ್ಟಿಯನ್ನು ಸದ್ದಾಗದಂತೆ ಮುರಿದು ತಿನ್ನುವರು. ಹೊರಗೆ ಬರುವ ಮುಂಚೆ ಸೆರಗಿನಿಂದ ಬಾಯಿ ಒರೆಸಿ, ಹಲ್ಲಿನ ಸಂದಿಯಲ್ಲಿ ಏನಾದರೂ ಉಳಿದಿದೆಯೇ ಎಂದು ನಾಲಗೆಯಾಡಿಸಿ ನೋಡಿಕೊಳ್ಳುವರು.

ಓಬುಳಮ್ಮನಿಗೆ ಎರಡು ಸಲ ಗರ್ಭ ಇಳಿದು ಹೋಗಿತ್ತು. ಈಗ ಮೂರನೆಯದು. ಅವಳ ಪಾಲಿನ ಹಾಲನ್ನು ಸರ್ವಮಂಗಳಮ್ಮ ತಾವೇ ಗಟ್ಟಿಯಾಗಿ ಕಲಸಿ ಲೋಟ ತುಂಬಿಸಿ ಕೊಡುತ್ತಿದ್ದರು. ನಾಲ್ಕನೇ ತಿಂಗಳ ಮೇಲೆ ಅವಳು ಮನೆಗೆ ಒಯ್ದು ಕುಡಿಯುತ್ತೇನೆ ಎನ್ನತೊಡಗಿದಳು. ಮುಖ ಸಣ್ಣಗಾಗಿದೆಯಲ್ಲ ಎಂದು ಕೇಳಿದರೆ ಬಿಸಿಲು ಎನ್ನುವಳು. ಶ್ರಾವಣದಲ್ಲಿ, ಆರು ತಿಂಗಳಾಗಿದ್ದಾಗ, ನಾಟಿ ಹಾಕುತ್ತಿದ್ದವಳು ಕೆಸರಿಗೆ ಮುಖ ಅಡಿಯಾಗಿ ಬಿದ್ದಳು. ಗಾಡಿಯಲ್ಲಿ ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ತಂದರು. ಸರ್ವಮಂಗಳಮ್ಮ ಗಾಡಿಯ ಹಿಂದೆಯೇ ನಡೆದು ಬಂದರು.

ಮೈಯಲ್ಲಿ ರಕ್ತವೇ ಇಲ್ಲ, ಹೊಟ್ಟೆಗೆ ತಿಂದಿಲ್ಲ, ಹೀಗೇ ಇನ್ನೊಂದು ವಾರ ಹೋದರೆ ಕೂಸು ಉಳಿಯುವುದಿಲ್ಲ, ತಾಯಿಯದೂ ಹೇಳಲಾಗದು ಎಂದು ಡಾಕ್ಟರಮ್ಮ ಹೇಳಿದರು. ಗಂಜಿ ಕೊಟ್ಟರೆ ಓಬುಳಮ್ಮ ಬಾಯಿ ತೆರೆಯಲಿಲ್ಲ. ಸರ್ವಮಂಗಳಮ್ಮನಿಗೆ ಸಿಟ್ಟು ಬಂತು. ಬುದ್ಧಿ ಇಲ್ಲವೇ ನಿನಗೆ, ನಾನು ಕೊಟ್ಟ ಹಾಲೆಲ್ಲ ಯಾರ ಹೊಟ್ಟೆಗೆ ಹಾಕಿದೆ ಎಂದು ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದರು.

ಓಬುಳಮ್ಮ ಸಣ್ಣ ದನಿಯಲ್ಲಿ ಹೇಳಿದಳು: "ಪಕ್ಕದ ಗುಡಿಸಲ ಮಗೀಗೆ ಕೊಟ್ಟೆ ಟೀಚರಮ್ಮ. ನೀವು ಯಾರೋ ಪರೂರಿನೋರ ಮಕ್ಕಳಿಗೆ ಅಂತ ಇಷ್ಟು ದಿನ ಉಪಾಸ ಇದ್ದೀರಿ. ನನ್ನ ಕೂಸಿಗೆ ನಾನು ಇರಬಾರ್ದಾ?"

ದಿನಕ್ಕೆ ಒಂದೇ ಹೊತ್ತು, ಅದೂ ದೀಪ ಹಚ್ಚಿದ ಮೇಲೆ ಒಂದು ಹಿಡಿ. ಟೀಚರಮ್ಮ ಹೇಳಿದ ಹಾಗೆಯೇ ಹಿಡಿದಿದ್ದಳು. ಇನ್ನೂ ಇಬ್ಬರು ಹೆಂಗಸರು ಇವಳನ್ನು ನೋಡಿ ಶುರು ಮಾಡಿದ್ದರಂತೆ.

ಸರ್ವಮಂಗಳಮ್ಮ ಎದ್ದು ಹೊರಗೆ ಬಂದರು. ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತರೆ ಮಧ್ಯಾಹ್ನ ತಿಂದ ರೊಟ್ಟಿಯ ರುಚಿ ಬಾಯಿಗೆ ಬಂತಂತೆ. ಅಲ್ಲಿಂದ ನೆಟ್ಟಗೆ ಅನ್ನಪೂರ್ಣಮ್ಮನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಅವರು ಕೆಟ್ಟವರಲ್ಲ. ಇದಕ್ಕೆ ಇಷ್ಟೊಂದು ಅಳುವುದೇಕೆ, ವ್ರತ ಮುಗಿಯಿತು ಎಂದು ಹೇಳಿಬಿಡಿ, ಸಮಾಜದಿಂದಲೇ ಒಂದು ಉದ್ಯಾಪನೆ ಮಾಡಿಸೋಣ, ಟೀಚರಮ್ಮನದು ಮುಗಿದರೆ ಅವರೂ ಮುಗಿಸುತ್ತಾರೆ, ಯಾರ ಮರ್ಯಾದೆಯೂ ಹೋಗುವುದಿಲ್ಲ ಎಂದರು. ಗಂಗಾಧರಪ್ಪನವರೂ ಅದನ್ನೇ ಹೇಳಿದರು. ಸರ್ವಮಂಗಳಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಓಬುಳಮ್ಮನ ಮಂಚದ ಪಕ್ಕ ಕೂತು, ನನ್ನ ವ್ರತ ನಿನ್ನೆಗೆ ತೀರಿತು, ದೇವರು ಒಪ್ಪಿಕೊಂಡ, ಇನ್ನು ನೀನೂ ಬಿಡು ಎಂದು ಹೇಳಿದರು. ಹೇಳುವಾಗ ನಾಲಗೆ ತಡವರಿಸಲಿಲ್ಲ. ಅದನ್ನು ನೆನೆದರೇ ನನಗೆ ಹೆಚ್ಚು ನಾಚಿಕೆ ಎನ್ನುತ್ತಾರೆ ಅವರು.

ಓಬುಳಮ್ಮ ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. "ನಿಮ್ದು ತೀರ್ತು, ಒಳ್ಳೇದಾಯ್ತು ಬಿಡ್ರಮ್ಮ. ನಂದು ಹೆರಿಗೆ ಆಗೋತನಕ ಅಂತ ಹೇಳ್ಕಂಡೀನಿ. ನಡುವೆ ಬಿಟ್ರೆ ಎರಡು ಹೋದಂಗೆ ಇದೂ ಹೋಗ್ತೈತೆ."

ಸ್ಟೂಲಿನ ಮೇಲೆ ಗಂಜಿಯ ಲೋಟ ಇತ್ತು. ಮೇಲೆ ಕೆನೆ ಕಟ್ಟಿ ಆರುತ್ತಿತ್ತು. ಡಾಕ್ಟರಮ್ಮ ಬಂದು ಹೋದರು, ದಾದಿ ಬಂದು ಗದರಿ ಹೋದಳು. ಓಬುಳಮ್ಮನ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ವ್ರತ ದೇವರ ಹೆಸರಿನಲ್ಲಿದ್ದರೂ ಅದಕ್ಕೆ ಆಧಾರ ತಮ್ಮ ಸುಳ್ಳು ಎಂದು ಸರ್ವಮಂಗಳಮ್ಮನಿಗೆ ಆಗ ಸ್ಪಷ್ಟವಾಯಿತು. ಆ ಸುಳ್ಳನ್ನು ಕಿತ್ತರೆ ಮಾತ್ರ ಈ ವ್ರತ ಬೀಳುತ್ತದೆ.

"ನಾನು ಒಂದಿನಾನೂ ಉಪವಾಸ ಇರಲಿಲ್ಲ ಓಬುಳಮ್ಮ" ಎಂದರು. "ದಿನಾ ಮಧ್ಯಾಹ್ನ ಬಾಗಿಲು ಹಾಕ್ಕೊಂಡು ರೊಟ್ಟಿ ತಿಂದೀನಿ. ನಿಮ್ಮ ಮನೇದು ಮುಟ್ಟಬಾರದು ಅಂತ ಒಪ್ಪತ್ತು ಅಂದೆ. ವ್ರತಾನೂ ಇಲ್ಲ, ಗಿತಾನೂ ಇಲ್ಲ."

ಅವಳು ಹಿಡಿದಿದ್ದ ಕೈ ಮೆಲ್ಲಗೆ ಬಿಟ್ಟಳು.

"ನಮ್ಮನೆ ನೀರೂನಾ?" ಎಂದು ಕೇಳಿದಳು.

"ನೀರೂ."

ಓಬುಳಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಅತ್ತಳೋ ಇಲ್ಲವೋ ಕಾಣಲಿಲ್ಲ. ಸರ್ವಮಂಗಳಮ್ಮ ಕೂತಲ್ಲಿಂದ ಏಳಲಿಲ್ಲ. ಪಕ್ಕದ ಮಂಚದ ಮುದುಕಿ ಎಲ್ಲ ಕೇಳಿಸಿಕೊಂಡಿದ್ದವಳು ಎಲೆ ಅಡಿಕೆ ಹಾಕಿಕೊಂಡು ಇವರನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಓಬುಳಮ್ಮ ಮೊಣಕೈ ಊರಿ ಎದ್ದು, ತಾನೇ ಕೈ ಚಾಚಿ ಗಂಜಿ ತೆಗೆದುಕೊಂಡು, ಇವರಿಗೆ ಬೆನ್ನು ಮಾಡಿ ಕುಡಿದಳು. ಅರ್ಧ ಕುಡಿದು ನಿಲ್ಲಿಸಿದಳು, ಮತ್ತೆ ಉಳಿದದ್ದನ್ನೂ ಕುಡಿದಳು. ಆ ಕೂಸು ಕಾರ್ತಿಕದಲ್ಲಿ ಹುಟ್ಟಿ ಬದುಕಿತು, ಹೆಣ್ಣುಮಗು. ಓದುವವರು ಅದಕ್ಕಾಗಿ ಕಾಯುವುದು ಬೇಡವೆಂದು ಇಲ್ಲೇ ಹೇಳಿಬಿಟ್ಟೆ. ಆದರೆ ಆ ಹೊತ್ತಿನಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಲೋಟ ತೊಳೆದು ತರುತ್ತೇನೆ ಎಂದು ಸರ್ವಮಂಗಳಮ್ಮ ಕೈ ನೀಡಿದರು. ಓಬುಳಮ್ಮ ಕೊಡದೆ ಮಂಚದ ಕೆಳಗೆ ಇಟ್ಟಳು. ಮುಖ ನೋಡಲಿಲ್ಲ. ಮಾವ ಸಂಜೆಗೆ ಬರುತ್ತಾನೆ, ಗುಡಿಸಲಿನ ಹೆಂಗಸರೂ ಬರುತ್ತಾರೆ ಎಂದಳು. ಆಮೇಲೆ ಅವಳೇ ಮಾತು ತೆಗೆದಳು.

"ಇದನ್ನ ನಾನು ಯಾರಿಗೂ ಹೇಳಕ್ಕೆ ಹೋಗಲ್ಲ. ಡಾಕ್ಟ್ರಮ್ಮ ಬಲವಂತ ಮಾಡಿ ಬಿಡಿಸಿದ್ರು ಅಂತೀನಿ. ಗೊತ್ತಾದ್ರೆ ಒಬ್ರೂ ಮಕ್ಕಳನ್ನ ಕಳಿಸಲ್ಲ, ಶೆಡ್ಡು ಮುಚ್ತೈತೆ. ನಿಮ್ಮ ಹೆಸರೂ ಕೆಡ್ತೈತೆ. ನೀವು ಸುಮ್ಕೆ ಮನೀಗೆ ಹೋಗ್ರಿ."

ಅಷ್ಟು ದೊಡ್ಡ ಉಪಕಾರವನ್ನು ತಮಗೆ ಯಾರೂ ಮಾಡಲು ಬಂದಿರಲಿಲ್ಲ ಎನ್ನುತ್ತಾರೆ ಸರ್ವಮಂಗಳಮ್ಮ. ಒಂದು ಗಳಿಗೆ ಆಸೆಯೂ ಆಯಿತು. ಆಮೇಲೆ ಗುಡಿಸಲಿನಲ್ಲಿ ಉಪವಾಸ ಇರುವ ಆ ಇನ್ನಿಬ್ಬರ ನೆನಪು ಬಂತು.

"ಬ್ಯಾಡ ಕಣವ್ವ" ಎಂದರು. "ಜಂಬಣ್ಣ ಬರಲಿ, ನಾನು ಇಲ್ಲೇ ಕುಂತಿರ್ತೀನಿ. ನಾನೇ ಹೇಳ್ತೀನಿ."