ಚಾ ಕುಡಿಯದವರ ನಾತಾಳ

ಆ ವರ್ಷ ನಾತಾಳ, ಅಂದರೆ ಕ್ರಿಸ್ಮಸ್, ಆದಿತ್ಯವಾರವೇ ಬಂದಿತ್ತು, ಅದರಲ್ಲಿ ಸಂಶಯವಿಲ್ಲ. ಹಾಗಾದರೆ ಅದು ಸಾವಿರದ ಒಂಬೈನೂರ ಮೂವತ್ತೆರಡು, ಇಲ್ಲವೇ ಮೂವತ್ತೆಂಟು. ನಾನು ಧಾರವಾಡದಿಂದ ಕಾಲೇಜಿನ ರಜೆಗೆ ಬಂದಿದ್ದೆನಾದ್ದರಿಂದ ಮೂವತ್ತೆರಡೇ ಇರಬೇಕು. ದಿನಚರಿಯಲ್ಲಿ ಇಸವಿ ಇಲ್ಲ. ತತ್ತ್ವಶಾಸ್ತ್ರ ಓದುವವನಿಗೆ ಇಸವಿ ಕ್ಷುಲ್ಲಕವೆನಿಸಿತ್ತು.

ಕಾರವಾರದ ನಮ್ಮ ಮನೆಯ ಹಿಂದಿನ ಬಿಡಾರದಲ್ಲಿ ಅಮೇರಿಕದ ಗಂಡ ಹೆಂಡತಿ ಬಾಡಿಗೆಗಿದ್ದರು. ಅವನು ಕೋಡಿಬಾಗದಲ್ಲಿ ಮರ ಕೊಯ್ಯುವ ಯಂತ್ರ ಕೂಡಿಸಲು ಬಂದವನು. ಮಾರ್ಮನ್ ಎಂಬ ಕ್ರಿಶ್ಚಿಯನ್ ಪಂಥದವರು. ಊರಿನ ಇಗರ್ಜಿಗೆ ಹೋಗದೆ, ಆದಿತ್ಯವಾರ ಇಬ್ಬರೇ ಜಗಲಿಯಲ್ಲಿ ಕೂತು ಹಾಡಿ, ರೊಟ್ಟಿ ಮುರಿದು ತಿಂದು, ನೀರು ಕುಡಿಯುತ್ತಿದ್ದರು. ಅದೇ ಅವರ ಪ್ರಸಾದ. ಒಂದು ಚೂರು ಬೆಲ್ಲವನ್ನೂ ಕೇಳದ ದೇವರನ್ನು ಅಪ್ಪ ಅಲ್ಲಿಯತನಕ ಕಂಡಿರಲಿಲ್ಲ.

ಅಮ್ಮನ ತಕರಾರು ಬೇರೆ. ಅವರು ಬಂದ ದಿನವೇ ಅವಳು ಚಾ ಕಳಿಸಿದ್ದಳು, ಅದು ಹಾಗೇ ತಿರುಗಿ ಬಂತು. ಅವರ ಧರ್ಮದಲ್ಲಿ ಚಾ, ಕಾಫಿ ನಿಷಿದ್ಧ, ಯಾರು ಕೊಟ್ಟರೂ ಕುಡಿಯುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ.

"ತಮಾ, ಮುಟ್ಟದವರೆಲ್ಲ ನಿಯಮ ಅಂತಲೇ ಹೇಳೂದು," ಎಂದಳು ಅಮ್ಮ. ಅವಳಿಗೆ ಗೊತ್ತಿರದೆ ಏನು? ನೆರೆಯ ಕ್ರಿಶ್ಚಿಯನ್ನರು ನಾತಾಳಕ್ಕೆ ಕಳಿಸುವ ಸಿಹಿಯನ್ನು ಅವಳು ತಿರುಗಿಸುತ್ತಿದ್ದುದೂ ಅದೇ ಮಾತು ಹೇಳಿ.

ಹಬ್ಬದ ಹಿಂದಿನ ದಿನ ಆ ಅಮೇರಿಕದ ಹೆಂಗಸು ನನ್ನನ್ನು ಕರೆದಳು. ತವರಿನಲ್ಲಾದರೆ ನಾಳೆ ಸಭೆ ತುಂಬಿರುತ್ತಿತ್ತು, ಇಲ್ಲಿ ತಾನು ಗಂಡನಿಗೆ, ಗಂಡ ತನಗೆ ಪ್ರವಚನ ಹೇಳಬೇಕು. ನೀವೆಲ್ಲ ಸುಮ್ಮನೆ ಬಂದು ಕೂತರೆ ಸಾಕು, ಮುಖ್ಯವಾಗಿ ನಿಮ್ಮ ತಾಯಿ, ಎಂದಳು. ಅವಳ ಕಣ್ಣು ಕೆಂಪಾಗಿದ್ದವು. ನಾನು ಬಂದು ಹೇಳಿದಾಗ ಅಮ್ಮ ಎದ್ದು ಹಿತ್ತಿಲಿಗೆ ಹೋದಳು.

ಬೆಳಿಗ್ಗೆ ಅಪ್ಪ, ನಾನು ಹೋದೆವು. ಮೂರು ಚಾಪೆ ಹಾಸಿದ್ದರು. ಹಬ್ಬವೂ ಆದಿತ್ಯವಾರವೂ ಒಂದೇ ದಿನ ಬಂದಿದ್ದರಿಂದ ಇವತ್ತು ಪ್ರಾರ್ಥನೆ ಚಿಕ್ಕದು ಎಂದು ಗಂಡ ಸಾರಿದ. ಅಪ್ಪ ಬೆರಗಾದ. ನಮ್ಮಲ್ಲಿ ಸಂಕಷ್ಟಿ ಮಂಗಳವಾರ ಬಂದರೆ ಉಪವಾಸ ಇನ್ನೂ ಬಿಗಿ, ಇವರಲ್ಲಿ ಎರಡು ಕೂಡಿದರೆ ಸಡಿಲ. ಮತಾಂತರದ ವಿಚಾರ ಅವನಿಗೆ ಬಂದದ್ದು ಅದೊಂದೇ ಸಲ.

ಹಾಡುವಾಗಲೂ ಆ ಹೆಂಗಸು ಖಾಲಿ ಚಾಪೆಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅಮ್ಮ ಬಂದಳು, ಅಂಕೋಲೆಯ ತವರಿನ ಮದುವೆಗಳಿಗೆ ಮಾತ್ರ ಉಡುತ್ತಿದ್ದ ಸೀರೆಯಲ್ಲಿ. ಹಾಡು ಅರ್ಧಕ್ಕೆ ನಿಂತು ಮತ್ತೆ ಏರಿತು. ರೊಟ್ಟಿ ಬಂತು, ನೀರು ಬಂತು. ಎರಡಕ್ಕೂ ಅಮ್ಮ ಕೈಮುಗಿದು ಬೇಡವೆಂದಳು. ಮುಗಿದ ಮೇಲೆ ನನ್ನತ್ತ ತಿರುಗಿದಳು.

"ಹೇಳು ಅವಳಿಗೆ. ಅವಳು ನಮ್ಮ ಚಾ ಕುಡಿಯೂದಿಲ್ಲ, ನಾನು ಅವಳ ನೀರು ಕುಡಿಯೂದಿಲ್ಲ. ಸಮ ಆಯ್ತು. ಇನ್ನು ದಿನಾ ಬಂದು ಕೂತ್ಕೊಳ್ಲಿ."

ಇಂಗ್ಲಿಷಿನಲ್ಲಿ ನಾನು ಏನು ಹೇಳಿದೆನೋ ನೆನಪಿಲ್ಲ, ಮೆತ್ತಗೆ ಮಾಡಿಯೇ ಹೇಳಿರಬೇಕು. ಅವಳು ಅಮ್ಮನ ಕೈ ಹಿಡಿದು ಅತ್ತಳೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ದಿನಚರಿಯಲ್ಲಿ 'ನಕ್ಕಳು' ಎಂದಿದೆ. ಮರುದಿನದ ಪುಟದಲ್ಲಿ ಇಬ್ಬರೂ ಹಿತ್ತಿಲ ಕಟ್ಟೆಯ ಮೇಲೆ ಕೂತು ಅಲಸಂದೆ ಬಿಡಿಸುತ್ತಿದ್ದಾರೆ. ಇಬ್ಬರ ಮುಂದೆಯೂ ಕುಡಿಯಲು ಏನೂ ಇಲ್ಲ.