ಹನಿ ಬಿದ್ದದ್ದು ಭಾಗ್ಯಾಳಿಗೆ, ಉರಿದದ್ದು ನನಗೆ

ನಿಮಗೂ ಹೀಗೆ ಆಗಿದೆಯಾ ಹೇಳಿ. ಒಂದು ಕೆಲಸ ಆಗಲಿ ಎಂದು ಬೆಳಗಿನಿಂದ ಮಾತಾಡಿ ಮಾತಾಡಿ ನಿಮ್ಮ ಬಾಯಿ ಒಣಗಿರುತ್ತದೆ. ಕೆಲಸ ಆಗುವುದಿಲ್ಲ. ಸಂಜೆ ಇನ್ನೊಬ್ಬರು ಬರುತ್ತಾರೆ, ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಅದನ್ನು ಮುಗಿಸಿಬಿಡುತ್ತಾರೆ. ಆಯಿತಲ್ಲ ಎಂದು ಖುಷಿಪಡಬೇಕು. ಆದರೆ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಹುರಿದಂತೆ ಆಗುತ್ತದೆ. ಆಗಿಲ್ಲ ಎನ್ನುವವರು ಬಹಳ ಒಳ್ಳೆಯವರು, ಮುಂದೆ ಓದಬೇಡಿ. ಆಗಿದೆ ಎನ್ನುವವರು ಬನ್ನಿ, ಇದು ನಮ್ಮ ನಿಮ್ಮ ಮಾತು.

2002ನೇ ಇಸವಿ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ನಾನು ಬೈಲಹೊಂಗಲದಲ್ಲಿ ಮನೆಯ ಪಡಸಾಲೆಯಲ್ಲೇ ಮಷೀನು ಹಾಕಿಕೊಂಡು ಜಂಪರು ಹೊಲಿಯುತ್ತಿದ್ದೆ. ನನ್ನ ಒಬ್ಬಳೇ ತಂಗಿ ಸುನಂದಾಳನ್ನು ಚಚಡಿಗೆ ಕೊಟ್ಟಿದ್ದೆವು. ನಮ್ಮ ತವರು ಕಿತ್ತೂರಿನ ಹತ್ತಿರದ ದೇಗಾಂವ. ಅವ್ವ ನಮ್ಮನ್ನು ಬಿಟ್ಟು ಹೋದಾಗಿನಿಂದ ಸುನಂದಾಳಿಗೆ ಅವ್ವ ಎಂದರೆ ನಾನೇ. ಅವಳ ತಲೆ ಬಾಚಿದ್ದು ನಾನು, ಮದುವೆಯಲ್ಲಿ ಅತ್ತದ್ದೂ ನಾನು.

ಆದರೆ ಬಾಣಂತನ ಮಾಡುವ ಭಾಗ್ಯ ನನಗೆ ಸಿಗಲಿಲ್ಲ. ನನ್ನವೂ ಎರಡು ಸಣ್ಣ ಮಕ್ಕಳಿದ್ದವು, ಕೂಡು ಕುಟುಂಬ, ಮನೆಯವರು ಬಿಡಲಿಲ್ಲ. ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಬಾಣಂತನಕ್ಕೆ ಬಂದವಳು ಸುನಂದಾಳ ನಾದಿನಿ ನೀಲವ್ವ. ತೊರಗಲ್ಲಿಗೆ ಕೊಟ್ಟ ಹೆಣ್ಣುಮಗಳು. ನನಗಿಂತ ಸ್ವಲ್ಪ ದೊಡ್ಡವಳು. ಧ್ವನಿ ಮಾತ್ರ ಊರಿಗೇ ದೊಡ್ಡದು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ನಾನು ಹೋದೆ. 'ಸ್ಫೂರ್ತಿ' ಎಂಬ ಹೆಸರು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಹೆಸರಿಡುವುದು ಸೋದರತ್ತೆಯ ಹಕ್ಕು ತಾನೇ, ನೀಲವ್ವ ಕೂಸಿನ ಕಿವಿಯಲ್ಲಿ "ಕುರ್ರ್... ಭಾಗ್ಯಾ" ಎಂದುಬಿಟ್ಟಳು. ಹೆಸರು ಕೂಗುವಾಗ ಉಳಿದ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ನಾನು ಸ್ವಲ್ಪ ಜೋರಾಗಿಯೇ ಗುದ್ದಿದೆ. ಅವಳು ತಿರುಗಿ ನೋಡಿ, "ಯವ್ವಾ, ಟೇಲರ್ ಬಾಯಾರ ಕೈ ಏನ್ ಗಟ್ಟಿ ಐತ್ರಿ!" ಎಂದು ನಕ್ಕಳು. ಎಲ್ಲರೂ ನಕ್ಕರು. ಅವಳ ಅವ್ವ ಚನ್ನವ್ವ, ಅಂದರೆ ಸುನಂದಾಳ ಅತ್ತೆ, ಎಲ್ಲರ ಮುಂದೆ "ಇದು ನಮ್ಮ ನೀಲವ್ವನ ಸೊಸಿ, ಆಕಿ ಮಗ ಸಂಜುಗ ಕೊಡೂದ" ಎಂದು ಸಾರಿದಳು. ಸೋದರತ್ತೆಗೆ ಇಳಕಲ್ಲ ಸೀರೆ ಉಡಿಸಿದರು. ದೊಡ್ಡವ್ವನಾದ ನನಗೆ ಒಂದು ಉಡಿ ಗುಗ್ಗರಿ.

ಕೂಸಿಗೆ ಎಂಟು ತಿಂಗಳಾದಾಗ, ಆ ಸಂಕ್ರಾಂತಿಯ ಬೆನ್ನಿಗೇ, ಸುನಂದಾ ಅಂಗಡಿಯ ಫೋನಿನಿಂದ ಕರೆ ಮಾಡಿದಳು.

"ಅಕ್ಕಾ, ಭಾಗ್ಯಾಗ ಇನ್ನೂ ಒಂದ ಹನಿ ಬಿದ್ದಿಲ್ಲ. ಸೂಜಿನೂ ಇಲ್ಲ. ಅತ್ತಿ ಬ್ಯಾಡ ಅಂತಾರ. ಐತವಾರ ಪೋಲಿಯೋ ಹನಿ ಐತಿ, ನೀ ಬಾ. ನನ್ನ ಮಾತ ಈ ಮನ್ಯಾಗ ಬೆಕ್ಕೂ ಕೇಳಂಗಿಲ್ಲ."

ಅವಳು ಯಾಕೆ ಅಷ್ಟು ಹೆದರಿದ್ದಳು ಎಂದು ನನಗೆ ಗೊತ್ತಿತ್ತು. ನಮ್ಮ ದೊಡ್ಡಪ್ಪನ ಮಗ ಎರಡೂ ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು, ಕಾಲು ಎಳೆಯುತ್ತಾ ನಡೆಯುತ್ತಿದ್ದ. ಶಾಲೆಗೆ ಹೋಗುವಾಗ ಅವನ ಪಾಟಿಚೀಲ ನಾವಿಬ್ಬರೇ ಹೊರುತ್ತಿದ್ದೆವು. ಮಳೆಗಾಲದಲ್ಲಿ ಅವನ ಮೊಣಕಾಲು ಕೆಸರಲ್ಲಿ ಹೂತುಹೋದರೆ ಸುನಂದಾ ಕೂತು ತೊಳೆಯುತ್ತಿದ್ದಳು. ಅದನ್ನು ಕಂಡವಳಿಗೆ ತನ್ನ ಮಗಳ ಕಾಲು ಮುಟ್ಟಿದಾಗಲೆಲ್ಲ ಏನು ನೆನಪಾಗಬೇಕು ಹೇಳಿ.

ಭಾನುವಾರ ಮೊದಲ ಬಸ್ಸಿಗೇ ಹೊರಟೆ. ನಾನು ಪಿಯುಸಿ ಓದಿದವಳು, ಊರವರ ಅಳತೆ ತೆಗೆದುಕೊಳ್ಳುವವಳು, ಒಬ್ಬ ಮುದುಕಿಯನ್ನು ಒಪ್ಪಿಸುವುದು ಏನು ದೊಡ್ಡದು ಎಂದುಕೊಂಡಿದ್ದೆ. ಒಳಗೆ ಇನ್ನೊಂದು ಆಸೆಯೂ ಇತ್ತು. ಹೆಸರು ಅವಳು ಇಟ್ಟಳು, ಹನಿಯಾದರೂ ನನ್ನ ಕೈಯಿಂದ ಬೀಳಲಿ.

"ಬರ್ರಿ, ಕುಂಡ್ರಿ" ಎಂದಳು ಚನ್ನವ್ವ.

"ಅತ್ಯಾರ, ಇವತ್ತ ಪೋಲಿಯೋ ಹನಿ ಐತಲ್ರಿ. ಭಾಗ್ಯಾನ ಕರಕೊಂಡ ಹೋಗಿ ಬರ್ತೇನಿ."

"ಚಾ ಕುಡೀರಿ ಮೊದಲ."

ಕುಡಿದೆ.

"ಅತ್ಯಾರ, ಆ ಹನಿ..."

"ರೊಟ್ಟಿ ತಿನ್ರಿ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ. ನಿಮ್ಮ ಬೈಲಹೊಂಗಲದಾಗ ಎಲ್ಲಿ ಸಿಗಬೇಕು."

ತಿಂದೆ. ತಂಗಿಯ ಗಂಡನ ಮುಖ ನೋಡಿದೆ. ಅವನು "ಅವ್ವನ್ನ ಕೇಳ್ರಿ" ಎಂದು ಹೊಲದ ದಾರಿ ಹಿಡಿದ. ಮೂರನೇ ಸಲ ಬಾಯಿ ತೆರೆದಾಗ ಚನ್ನವ್ವ ಎಲೆಯಡಿಕೆಯ ಚಂಚಿ ಪಕ್ಕಕ್ಕಿಟ್ಟಳು.

"ನಾ ಒಂದ ಮಾತ ಕೇಳ್ತೇನಿ, ಹೇಳ್ರಿ. ಮಳಿಗಾಲದಾಗ ನನಗ ಜ್ವರ ಬಂದು ದವಾಖಾನಿಗೆ ಹೋದ್ರ ಗುಳಿಗಿ ಇಲ್ಲ, ಹೊರಗ ತಗೋ ಅಂದ್ರು. ಬೇಡಿದ್ದ ಕೊಡಂಗಿಲ್ಲ. ಬ್ಯಾಡ ಅಂದದ್ದನ್ನ ಮನಿ ಬಾಗಲಕ್ಕ ತಂದು ಬಾಯಾಗ ಹಾಕ್ತಾರ. ಇಷ್ಟ ಪ್ರೀತಿ ಯಾಕ?"

ಟಿವಿಯಲ್ಲಿ ಕೇಳಿದ್ದನ್ನು ಒಪ್ಪಿಸಿದೆ. "ಎಲ್ಲಾ ಮಕ್ಕಳಿಗೂ ಒಂದ ದಿನ ಹಾಕಿದ್ರ ಬ್ಯಾನಿ ಊರ ಬಿಟ್ಟ ಹೋಗ್ತೈತ್ರಿ."

"ನಮ್ಮ ಊರಿಗೆ ಬಂದರ ಎಲ್ಲೈತಿ, ಹೋಗಾಕ?"

ಆಮೇಲೆ ಪಕ್ಕದ ಮನೆಯ ಕೂಸಿನ ಕಥೆ ತೆಗೆದಳು. ಹೋದ ವರ್ಷ ಅದಕ್ಕೆ ಸೂಜಿ ಹಾಕಿಸಿದಾಗ ತೊಡೆ ಬಾತು ಕೀವು ಕಟ್ಟಿತ್ತಂತೆ. "ಜ್ವರ ಏರಿ ಕೂಸು ಚೀರುವಾಗ ಸೂಜಿ ಹಾಕಿದಾಕಿ ಬಂದಳೇನು? ಹಾಕಸ್ರಿ ಹಾಕಸ್ರಿ ಅಂತ ಹೇಳಿ ಹ್ವಾದಾಕಿ ಬಂದಳೇನು? ಅದರ ಅವ್ವ ಒಬ್ಬಾಕಿನ ಕುಂತ ಅತ್ತಳು."

"ಅದು ಸೂಜಿ, ಇದು ಬರೇ ಹನಿ ಅತ್ಯಾರ."

"ಇವತ್ತ ಹನಿ ಅಂತಾರ, ನಾಳೆ ಸೂಜಿ ತರ್ತಾರ."

ದೊಡ್ಡಪ್ಪನ ಮಗನ ಕಥೆಯನ್ನೂ ಹೇಳಿದೆ. "ಪಾಪ, ಅವನ ಹಣೇಬರಾ" ಎಂದಳು. ನಾನು ಬಿಡಲಿಲ್ಲ, ಧ್ವನಿ ಏರಿಸಿದೆ. ಆಗ ಅವಳು ಮೆತ್ತಗೆ ಹೇಳಿದಳು. "ನಿಮ್ಮ ಮಕ್ಕಳಿಗೆ ನೀವು ಹಾಕಸ್ರಿ, ಬ್ಯಾಡ ಅಂದಾವರ ಯಾರು? ಇದು ನಮ್ಮ ಮನಿ ಕೂಸು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಸೀದಾ ಎದೆಗೆ ನೆಟ್ಟಿತು. ಸುನಂದಾ ಅಡುಗೆ ಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವಳ ಮುಖ ನೋಡಲಾಗದೆ ಶಾಲೆಯ ಕಡೆ ಹೋದೆ, ಬೂತಿನವರನ್ನೇ ಕರೆದುಕೊಂಡು ಬರೋಣವೆಂದು.

ಶಾಲೆಯ ಕಟ್ಟೆಯ ಮೇಲೆ ಮೇಜು, ಐಸಿನ ಡಬ್ಬಿ, ಒಬ್ಬ ನರ್ಸಬಾಯಿ, ಒಬ್ಬ ಅಂಗನವಾಡಿ ಟೀಚರು. ಮಕ್ಕಳು ಒಬ್ಬರೂ ಇಲ್ಲ. ಟೀಚರು ಹೇಳಿದಳು, "ಮೊದಮೊದಲ ರೇಷನ್ ಅಂಗಡಿ ಮುಂದ ಪಾಳಿ ಹಚ್ಚಿದಂಗ ಬರ್ತಿದ್ರಿ. ಈಗ 'ಎಷ್ಟ ಸಲ ಹಾಕ್ತೀರಿ, ಹೋದ ಸಲದ್ದು ಏನಾತು' ಅಂತಾರ. ಹಿಂದಿನ ಸಲ ನಿಮ್ಮ ತಂಗಿ ಮನಿಗೆ ಹೋದ್ರ ಕೂಸು ತವರಿಗೆ ಹೋಗೈತಿ ಅಂದ್ರು. ಒಳಗ ಅಳೂದು ಕೇಳಸ್ತಿತ್ತು."

ಆ ತವರು ನಾನೇ ರೀ ಎಂದೆ. ಅವಳಿಗೆ ನಗು ಬಂತು, ನನಗೆ ಬರಲಿಲ್ಲ. "ಐದಕ್ಕ ಡಬ್ಬಿ ಮುಚ್ಚತೇವಿ. ನೀವ ಒಪ್ಪಸ್ರಿ, ನಾವ ಬಂದ್ರ ಬಾಗಲಾ ಹಾಕ್ಕೋತಾರ" ಎಂದಳು.

ವಾಪಸು ಬರುವಷ್ಟರಲ್ಲಿ ಓಣಿಯ ತುದಿಗೇ ಆ ಧ್ವನಿ ಕೇಳಿಸಿತು. ನೀಲವ್ವ! ತವರಿಗೆ ಹಸಿ ಕಡಲೆಯ ಕಟ್ಟು ಹೊತ್ತುಕೊಂಡು ತೊರಗಲ್ಲಿನಿಂದ ಬಂದಿದ್ದಳು. ಭಾಗ್ಯಾ ಆಗಲೇ ಅವಳ ಸೊಂಟದ ಮೇಲೆ. ನಾನು ಬೆಳಗಿನಿಂದ ಎಷ್ಟು ಕರೆದರೂ ಮುಖ ತಿರುಗಿಸಿದ್ದ ಕೂಸು ಅವಳ ತಾಳಿ ಹಿಡಿದು ಕಿಲಕಿಲ ನಗುತ್ತಿತ್ತು.

"ಏನ್ರಿ ಟೇಲರ್ ಬಾಯಾರ, ಮಾರಿ ಯಾಕ ಸಣ್ಣ ಮಾಡೀರಿ? ನಮ್ಮವ್ವ ಹೊಟ್ಟಿಗೆ ಹಾಕಿಲ್ಲೇನು?"

ಸುನಂದಾ ಅಳುತ್ತಾ ಎಲ್ಲ ಹೇಳಿದಳು. ನೀಲವ್ವ ಮೊದಲು ತನ್ನ ಅವ್ವನ ಕಡೆಗೇ ಮಾತಾಡಿದಳು. "ಬಿಡ್ರಿ, ನಾವೆಲ್ಲಾ ಹನಿ ಹಾಕಸ್ಕೊಂಡ ಬೆಳದೇವೇನು?" ನಾನು ಸಿಟ್ಟಿನಿಂದ ದೊಡ್ಡಪ್ಪನ ಮಗನ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದೆ. ಚಪ್ಪಲಿ, ಕೆಸರು, ಎಲ್ಲ. ಅವಳ ನಗು ನಿಂತಿತು. "ಖರೇನ? ಎರಡೂ ಕಾಲು?" ಎಂದು ಕೇಳಿದಳು. ಭಾಗ್ಯಾಳ ಮೀನಖಂಡ ಒತ್ತಿ ನೋಡಿದಳು. ಆಮೇಲೆ ಅವ್ವನ ಕಡೆ ತಿರುಗಿದಳು.

"ಅವ್ವಾ, ಈ ಕೂಸು ಯಾರದು?"

"ಯಾರದಂದ್ರ? ನಮ್ಮದು."

"ನಿಮ್ಮದ ಹೆಂಗ? ತೊಟ್ಟಲಕ್ಕ ಹಾಕಿದ ದಿನ ಸಂಜುಗ ಕೊಡೂದ ಅಂತ ನಾಕ ಮಂದ್ಯಾಗ ಅಂದೀಯೋ ಇಲ್ಲೋ?"

"ಅಂದೇನಿ. ಅದಕ್ಕ ಈಗೇನ?"

"ಹಂಗಾರ ಇದು ನಮ್ಮ ಮನಿಗೆ ಬರೂದು. ನಿಮ್ಮ ಕಡೆ ಜ್ವಾಪಾನ ಇಟ್ಟೇನಿ, ಅಷ್ಟ. ನಾಳೆ ಕಾಲ ಎಳಕೋತ ಬರೂ ಸೊಸಿನ ಕೊಟ್ರ ನಾ ತಗೊಳ್ಳಾಕಿ ಅಲ್ಲ. ಆವಾಗ ಮಾತ ತಪ್ಪಿದಾಕಿ ನೀನ. ಹೂಂ ಅನ್ನು, ಇಲ್ಲಾ ಇವತ್ತ ಸಂಬಂಧ ಕಡೀತು ಅನ್ನು."

ಚನ್ನವ್ವ ಕಣ್ಣು ಪಿಳಿಪಿಳಿ ಬಿಟ್ಟಳು. "ಹನಿ ಹಾಕಿದ ಮ್ಯಾಲ ಏನರ ಆದ್ರ?"

"ಆದ್ರ ನಾ ಅದೇನಿ. ನಾ ಊರಿಗೆ ಹೋಗಂಗಿಲ್ಲ. ಜ್ವರ ಬಂದ್ರ ನನ್ನ ತೊಡಿ ಮ್ಯಾಲ ಮಲಗಸ್ಕೊಂಡ ಕುಂಡರತೇನಿ. ನೀ ನಿದ್ದಿ ಮಾಡು."

ಚನ್ನವ್ವ ಎದ್ದು, ಗೂಟಕ್ಕಿದ್ದ, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ತೆಗೆದು ಮಗಳ ಕೈಗೆ ಕೊಟ್ಟಳು. ಆಯಿತು. ಅಷ್ಟೇ! ಬೆಳಗಿನಿಂದ ನಾನು ತಲೆ ಚಚ್ಚಿಕೊಂಡ ಗೋಡೆ, ಅವಳು ಕೈ ಇಟ್ಟ ಕೂಡಲೇ ಬಾಗಿಲಾಯಿತು.

ನಾನು ಬೆಂಕಿಯಾದೆ. ಆ ಕಥೆ ನನ್ನದು, ನನ್ನ ದೊಡ್ಡಪ್ಪನ ಮಗ. ಅದನ್ನು ಇಟ್ಟುಕೊಂಡು ಗೆದ್ದವಳು ಅವಳು. ಇನ್ನೂ ಹೆಚ್ಚು ಉರಿದದ್ದು ಬೇರೆ ಕಾರಣಕ್ಕೆ. ಜ್ವರ ಬಂದರೆ ನಾನು ಕೂರುತ್ತೇನೆ ಎಂದು ನಾನು ಹೇಳಲಾರದವಳಾಗಿದ್ದೆ. ನನ್ನ ಬಸ್ಸು ಸಂಜೆಗಿತ್ತು. ಆ ಬಸ್ಸು ಬಿಟ್ಟರೂ, ತಂಗಿಯ ಗಂಡನ ಮನೆಯಲ್ಲಿ ಕರೆಯದೆ ಒಂದು ರಾತ್ರಿ ಉಳಿಯುವ ಹಕ್ಕು ನನಗೆಲ್ಲಿತ್ತು? ಅವಳಿಗೆ ಆ ಮನೆಯ ಯಾವ ಮೂಲೆಯಲ್ಲಾದರೂ ಹಾಸಿಕೊಂಡು ಮಲಗುವ ಹಕ್ಕಿತ್ತು. ಚನ್ನವ್ವನಿಗೆ ಬೇಕಾಗಿದ್ದದ್ದು ಅದೇ ಒಂದು ಮಾತು.

ಓಣಿಯಲ್ಲಿ ನೀಲವ್ವ ಸುಮ್ಮನೆ ನಡೆಯಬೇಕಲ್ಲ? ಮನೆಮನೆಯ ಬಾಗಿಲಿಗೆ ಕೂಗುತ್ತಾ ಹೊರಟಳು. "ಏ ಕಲ್ಲವ್ವಾ, ಮೊಮ್ಮಗನ್ನ ಎತಗೊಂಡ ಬಾ! ಏ ಗೌರಿ, ಒಳಗ ಕೂಸ ಮುಚ್ಚಿಟಗೊಂಡ ಕುಂತಿ ಅಲ್ಲಾ, ನನಗ ಗೊತ್ತೈತಿ, ಬಾ ಹೊರಗ! ನನ್ನ ಸೊಸಿನ್ನ ಒಯ್ಯಾಕ ಹತ್ತೇನಿ, ನಿಮಗೇನ ಧಾಡಿ?" ನಗುತ್ತಾ, ಬೈಯುತ್ತಾ ನಾಲ್ಕಾರು ಹೆಂಗಸರು ಹಿಂದೆ ಬಂದರು. ತೊಡೆ ಬಾತಿದ್ದ ಕೂಸಿನ ಅವ್ವ ಮಾತ್ರ ಬಾಗಿಲಲ್ಲೇ ನಿಂತಳು. ಅವಳನ್ನು ನೀಲವ್ವ ಕೂಗಲಿಲ್ಲ. ಹತ್ತಿರ ಹೋಗಿ, ಕೂಸು ಈಗ ಹೇಗಿದೆ ಎಂದು ಕೇಳಿ ಬಂದಳು.

ಶಾಲೆಯಲ್ಲಿ ಡಬ್ಬಿಯ ಪಟ್ಟಿ ಕಟ್ಟುತ್ತಿದ್ದರು, ಬಿಚ್ಚಿಸಿದೆವು. ನರ್ಸಬಾಯಿ ಭಾಗ್ಯಾಳ ಗಲ್ಲ ಒತ್ತಿದಳು. ಎರಡು ಹನಿ. ಕೂಸು ಮುಖ ಹಿಂಡಿ, ನಾಲಿಗೆ ಚಪ್ಪರಿಸಿ, ಇನ್ನೂ ಬೇಕೆನ್ನುವಂತೆ ಬಾಯಿ ತೆರೆಯಿತು. ಕಿರುಬೆರಳಿಗೆ ಗುರುತು ಹಾಕಿದರು. ಸುನಂದಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಆದರೆ ನೋಡಿದ್ದು ನೀಲವ್ವನ ಕಡೆ. "ನಿಮ್ಮಂಥಾವರು ಓಣಿಗೊಬ್ಬರು ಇದ್ರ ಸಾಕ ನೋಡ್ರಿ" ಎಂದು ನರ್ಸಬಾಯಿ ಹೊಗಳಿದ್ದೂ ಅವಳನ್ನೇ. ನಾನು ಕೂಸಿನ ಕುಂಚಿಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ.

ಬಸ್ಸಿನಲ್ಲಿ ಕೂತಾಗ ಅಳು ಬಂತು. ಸಂತೋಷಕ್ಕೋ ಸಂಕಟಕ್ಕೋ, ಎರಡೂ ಇತ್ತು. ಕೂಸಿಗೆ ಹನಿ ಬೀಳಬೇಕೆಂದಿದ್ದೆ, ಬಿತ್ತು. ನನ್ನಿಂದ ಬೀಳಬೇಕೆಂದಿದ್ದೆ, ಬೀಳಲಿಲ್ಲ.

ಜ್ವರ ಬರಲಿಲ್ಲವಂತೆ. ಆದರೂ ನೀಲವ್ವ ಮಾತಿನಂತೆ ಉಳಿದಳು. ಮುಂದೆ ಸೂಜಿಗಳನ್ನು ಹಾಕಿಸುವಾಗಲೂ ತೊರಗಲ್ಲಿನಿಂದ ಬಂದು ಕೂತಳು. ಒಂದು ಸಲ ಜ್ವರ ಬಂದಾಗ ಒದ್ದೆ ಬಟ್ಟೆ ಹಾಕಿದವಳೂ ಅವಳೇ ಎಂದು ಸುನಂದಾ ಫೋನಿನಲ್ಲಿ ಹೇಳಿದಳು. ನಾನು "ಹೌದಾ, ಚಲೋ ಆತು" ಎಂದು ಫೋನಿಟ್ಟು, ಯಾರದೋ ಜಂಪರಿನ ತೋಳು ಉಲ್ಟಾ ಹೊಲಿದೆ.

ಭಾಗ್ಯಾ ಈಗ ದೊಡ್ಡವಳಾಗಿದ್ದಾಳೆ. ಸಂಜುವನ್ನು ಮದುವೆಯಾಗುವುದಿಲ್ಲ ಎಂದಾಗ ನೀಲವ್ವ, "ಹೋಗ ಹುಚ್ಚಿ, ನಾ ಅವತ್ತ ಅವ್ವನ್ನ ಹೆದರಸಾಕ ಅಂದಿದ್ದೆ" ಎಂದು ನಕ್ಕುಬಿಟ್ಟಳಂತೆ. ಬೇಜಾರಾದರೂ ಮಾಡಿಕೊಳ್ಳಬೇಕಿತ್ತು ಅವಳು! ಭಾಗ್ಯಾ ಊರಿಗೆಲ್ಲ ಹೇಳುತ್ತಾಳೆ, "ನಮ್ಮ ನೀಲತ್ತಿ ಇರಲಿಲ್ಲಂದ್ರ ನನಗ ಹನಿನ ಬೀಳ್ತಿರಲಿಲ್ಲ." ಆ ಕಥೆಯಲ್ಲಿ ನಾನು ಇಲ್ಲವೇ ಇಲ್ಲ.

ಮೊನ್ನೆ ಬೈಲಹೊಂಗಲಕ್ಕೆ ಬಂದಿದ್ದಳು. ನೀಲತ್ತೆಗೆ ಎಂದು ನನ್ನ ಕೈಯಿಂದಲೇ ಜಂಪರು ಹೊಲಿಸಿಕೊಂಡಳು. ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಹುಡುಗಿ ಸೀರೆ ಎತ್ತಿ ಸಿಕ್ಕಿಸಿ, ಚೀಲ ಬಗಲಿಗೆ ಹಾಕಿ, ಎಂಥಾ ಓಟ ಓಡಿದಳು ಅಂತೀರಿ! ಕಂಡಕ್ಟರು ಬೈಯುತ್ತಿದ್ದಂತೆಯೇ ಹತ್ತಿ, ಬಾಗಿಲಲ್ಲಿ ನಿಂತು ನನಗೆ ಕೈ ಬೀಸಿದಳು. ಆ ಎರಡು ಕಾಲು ನೆಲ ಒದ್ದು ಓಡುವುದನ್ನು ನೋಡುವಾಗ ಹನಿ ಹಾಕಿಸಿದವರು ಯಾರು ಎಂಬುದು ನನಗೆ ನಿಜವಾಗಿಯೂ ಮರೆತುಹೋಗಿತ್ತು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಮತ್ತೆ ನೆನಪಾಯಿತು.

ನಿಮ್ಮ ಮನೆಯಲ್ಲಿ ಹನಿ ಬೇಡ, ಸೂಜಿ ಬೇಡ ಎಂದು ಹಠ ಹಿಡಿದವರು ಯಾರಿದ್ದರು? ಕೊನೆಗೆ ಯಾರ ಮಾತಿಗೆ ಕರಗಿದರು? ಕೆಳಗೆ ಬರೆಯಿರಿ. ಆ ಮಾತು ನಿಮ್ಮದಾಗಿರದಿದ್ದರೆ ಹೊಟ್ಟೆ ಎಷ್ಟು ಉರಿಯಿತು ಎಂಬುದನ್ನೂ ಮುಚ್ಚಿಡದೆ ಬರೆಯಿರಿ. ನಾನೊಬ್ಬಳೇ ಅಲ್ಲ ಎಂದು ಗೊತ್ತಾದರೆ ಸ್ವಲ್ಪ ತಂಪಾದೀತು.